ಕೊರೆದ ಜಾಗಕ್ಕಿಂತ ಮೊದಲು ದಾರಿ ನೋಡುತ್ತೇನೆ

ಅಮೆರಿಕದ ಯೂಟಾ ರಾಜ್ಯದ ವಾಸಾಚ್ ಪ್ರಸ್ಥಭೂಮಿಯಲ್ಲಿ ಗಣಿಯ ಬಾಯಿ ಕೆಳಗಿನ ಕಣಿವೆಯಲ್ಲಿರುತ್ತದೆ, ಕಲ್ಲಿದ್ದಲಿನ ಪದರ ಬೆಟ್ಟದ ಒಡಲಲ್ಲಿ. ಮುಂದೆ ತೆಗೆಯಬೇಕಾದ ಪದರ ಎಷ್ಟು ದಪ್ಪ, ಅದರ ಮೇಲಿನ ಬಂಡೆ ಎಷ್ಟು ಗಟ್ಟಿ ಎಂದು ತಿಳಿಯಲು ಕಂಪನಿಯವರು ಒಂಬತ್ತು-ಹತ್ತು ಸಾವಿರ ಅಡಿ ಎತ್ತರದ ಹುಲ್ಲುಗಾವಲಿಗೆ ಯಂತ್ರ ಸಾಗಿಸಿ, ಅಲ್ಲಿಂದ ಕೆಳಕ್ಕೆ ಕೊರೆಯುತ್ತಾರೆ. ಕೊರೆಯುವ ಜಾಗ ಕಾಲು ಎಕರೆಯೋ ಅರ್ಧ ಎಕರೆಯೋ ಇದ್ದೀತು. ಅಲ್ಲಿಗೆ ಹೋಗುವ ದಾರಿ ಮಾತ್ರ ಮೈಲಿಗಟ್ಟಲೆ ಚಾಚಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ರಂಧ್ರ ಮುಚ್ಚಿ, ನೆಲವನ್ನು ಮೊದಲಿನ ಆಕಾರಕ್ಕೆ ತಂದು, ಗಿಡ ಹುಲ್ಲು ಬೆಳೆಸಬೇಕೆಂದು 1977ರ ಫೆಡರಲ್ ಗಣಿ ಕಾಯ್ದೆ ಹೇಳುತ್ತದೆ. ಹಾಗೆ ಆಗಿದೆಯೇ ಎಂದು ಪರಿಶೀಲಿಸುವುದು ನನ್ನ ಕೆಲಸ.

ನಾನು ಯಾವಾಗಲೂ ದಾರಿಯಿಂದ ಆರಂಭಿಸುತ್ತೇನೆ, ಅದೂ ನಡೆದುಕೊಂಡೇ. ಜೀಪಿನಲ್ಲಿ ಕುಳಿತು ನೋಡಿದರೆ ಎಲ್ಲವೂ ಹಸಿರಾಗಿ ಕಾಣುತ್ತದೆ. ಕೊರೆಯುವ ಜಾಗದಲ್ಲಿ ಯಂತ್ರ ಕೆಲವು ವಾರ ನಿಂತು ಹೋಗಿರುತ್ತದೆ. ದಾರಿಯ ಮೇಲೆ ನೀರಿನ ಟ್ಯಾಂಕರು, ಪೈಪು ಹೊತ್ತ ಲಾರಿ, ಕೆಲಸಗಾರರ ವಾಹನ ಎಲ್ಲವೂ ದಿನವಿಡೀ ಓಡಾಡಿರುತ್ತವೆ. ಹೀಗೆ ತುಳಿಸಿಕೊಂಡ ನೆಲದ ಮೇಲೆ ಬೀಜ ಚೆಲ್ಲಿದರೆ ಮೊದಲ ವರ್ಷ ಹುಲ್ಲು ಬರುತ್ತದೆ, ಮೂರನೆಯ ವರ್ಷಕ್ಕೆ ಒಣಗುತ್ತದೆ.

ಇದನ್ನು ಪತ್ತೆ ಹಚ್ಚಲು ನನ್ನ ಬಳಿ ಇರುವುದು ಒಂದು ತೆಳು ಕಬ್ಬಿಣದ ಸರಳು ಮತ್ತು ಚಿಕ್ಕ ಸಲಿಕೆ. ಪಕ್ಕದ ಮುಟ್ಟದ ನೆಲದಲ್ಲಿ ಸರಳು ಒಂದು ಗೇಣು ಸಲೀಸಾಗಿ ಇಳಿಯುತ್ತದೆ. ದಾರಿಯ ಮೇಲೆ ನಾಲ್ಕು ಬೆರಳು ಇಳಿದು ನಿಂತರೆ ಅಲ್ಲಿ ಅಗೆಯುತ್ತೇನೆ. ಹುಲ್ಲಿನ ಒಂದು ಬುಡವನ್ನು ಮಣ್ಣಿನ ಸಮೇತ ಎತ್ತಿ, ಬೆರಳಲ್ಲಿ ಮಣ್ಣು ಉದುರಿಸಿ ಬೇರು ನೋಡುತ್ತೇನೆ. ಒಳ್ಳೆಯ ನೆಲದಲ್ಲಿ ಬೇರು ನೇರ ಕೆಳಗಿಳಿದಿರುತ್ತದೆ. ಗಟ್ಟಿ ಪದರ ಅಡ್ಡ ಬಂದಲ್ಲಿ ಒಂದೆರಡು ಅಂಗುಲ ಇಳಿದು, ತಟ್ಟನೆ ಅಡ್ಡಕ್ಕೆ ತಿರುಗಿ, ಚಾಪೆಯಂತೆ ಹೆಣೆದುಕೊಂಡಿರುತ್ತದೆ. ಅಂಥ ಬೇರು ಆಗಸ್ಟಿನ ಬಿಸಿಲನ್ನು ತಾಳುವುದಿಲ್ಲ. ಮೇಲೆ ಎಷ್ಟೇ ಸೊಂಪಾಗಿದ್ದರೂ ಆ ತುಂಡು ದಾರಿಯನ್ನು ಮತ್ತೆ ಸೀಳಿ ಸಡಿಲಿಸಬೇಕು ಎಂದು ವರದಿಯಲ್ಲಿ ಬರೆಯುತ್ತೇನೆ.

ಎರಡನೆಯದು ನೀರು. ಇಳಿಜಾರಿನ ದಾರಿಗೆ ಅಡ್ಡಲಾಗಿ ಬದು ಹಾಕಿ ನೀರನ್ನು ಪಕ್ಕದ ಪೊದೆಗಳಿಗೆ ತಿರುಗಿಸುತ್ತಾರೆ. ಬದು ಇದೆಯೇ ಎಂದು ನೋಡಿದರೆ ಸಾಲದು, ಅದರ ಕೊನೆಯವರೆಗೂ ಹೋಗಬೇಕು. ಬಹಳ ಸಲ ಅಲ್ಲಿ ಮಣ್ಣು ತುಂಬಿ, ನೀರು ಹಿಂದಕ್ಕೆ ಸರಿದು, ಬದುವನ್ನೇ ಒಡೆದುಕೊಂಡು ದಾರಿಯ ಮಧ್ಯೆ ಕೊರಕಲು ಮಾಡಿರುತ್ತದೆ. ಹಾಗಾಗಿ ಹಿಮ ಕರಗಿದ ಕೂಡಲೇ ಒಮ್ಮೆ, ಬೇಸಿಗೆಯ ಕೊನೆಯ ಗುಡುಗು ಮಳೆ ಬಿದ್ದ ಮೇಲೆ ಇನ್ನೊಮ್ಮೆ ಹೋಗುವುದು ಒಳ್ಳೆಯದು. ಹಿಮದ ನೀರು ನಿಧಾನವಾಗಿ ಇಂಗುತ್ತದೆ. ಅರ್ಧ ಗಂಟೆಯ ಗುಡುಗು ಮಳೆ ಮಾತ್ರ ಒಂದು ದುರ್ಬಲ ಬದುವನ್ನೂ ಬಿಡುವುದಿಲ್ಲ.

ಯೂಟಾದಲ್ಲಿ ಬಳಕೆಯಲ್ಲಿರುವ ಒಂದು ಪದ್ಧತಿ ನನಗೆ ತುಂಬ ಮೆಚ್ಚುಗೆ. ನೆಲವನ್ನು ನಯವಾಗಿ ಸವರುವ ಬದಲು ಎಕ್ಸ್‌ಕವೇಟರ್‌ನ ಬಕೆಟ್ಟಿನಿಂದ ಒಂದೂವರೆ-ಎರಡು ಅಡಿ ಆಳದ ಗುಂಡಿಗಳನ್ನು ಒತ್ತೊತ್ತಾಗಿ, ಕ್ರಮವಿಲ್ಲದೆ ತೋಡುತ್ತಾರೆ. ನೋಡಲು ಒರಟು. ಆದರೆ ಪ್ರತಿ ಗುಂಡಿಯಲ್ಲೂ ಹಿಮ, ಮಳೆ, ಬೀಜ, ಒಣ ಎಲೆ ಎಲ್ಲವೂ ನಿಲ್ಲುತ್ತವೆ. ನೀರು ಹರಿದುಹೋಗುವ ಮಾತೇ ಇಲ್ಲ. ಗುಂಡಿಯ ನೆರಳಿನ ಬದಿಯಲ್ಲಿ ಮೊದಲ ಮೊಳಕೆ ಬರುತ್ತದೆ. ದಾರಿಗೂ ಇದನ್ನೇ ಮಾಡಿದರೆ ಇನ್ನೊಂದು ಲಾಭವಿದೆ: ಶರತ್ಕಾಲದಲ್ಲಿ ಬೇಟೆಗೆ ಬರುವವರ ಗಾಡಿಗಳು ಅದರ ಮೇಲೆ ಓಡಲಾರವು. ಮುಚ್ಚಿದ ದಾರಿಗೆ ಆ ಗಾಡಿಗಳಿಗಿಂತ ದೊಡ್ಡ ಶತ್ರು ಇಲ್ಲ. ದಾರಿಯ ಬಾಯಲ್ಲಿ ಬರೀ ಎರಡು ಬಂಡೆ ಇಟ್ಟರೆ ಅವರು ಪಕ್ಕದ ಹುಲ್ಲಿನ ಮೇಲೆ ಸುತ್ತು ಹಾಕುತ್ತಾರೆ.

ಮೇಲ್ಮಣ್ಣಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಪ್ರಸ್ಥಭೂಮಿಯನ್ನು ಕುರಿ ದನಗಳು ಬೋಳಾಗುವಂತೆ ಮೇಯ್ದವು. ಮಳೆ ಬಂದಾಗ ಕೆಸರಿನ ಪ್ರವಾಹ ಕೆಳಗಿನ ಮ್ಯಾಂಟೈ ಮೊದಲಾದ ಊರುಗಳಿಗೆ ನುಗ್ಗಿತು. ಊರವರ ಒತ್ತಾಯದಿಂದ 1903ರಲ್ಲಿ ಇಲ್ಲಿ ಮೀಸಲು ಅರಣ್ಯ ಬಂತು. ಮೇವು, ಮಣ್ಣು, ಪ್ರವಾಹಗಳ ಅಧ್ಯಯನಕ್ಕೆಂದೇ 1912ರಲ್ಲಿ ಎಫ್ರಾಯಿಮ್ ಕಣಿವೆಯಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಆಗ ಹೋದ ಮಣ್ಣು ಹಲವೆಡೆ ಇನ್ನೂ ಮರಳಿಲ್ಲ. ಉಳಿದ ತೆಳು ಪದರವನ್ನು ಕೆರೆದು, ಬೇರೆ ರಾಶಿ ಹಾಕಿ, ಮತ್ತೆ ಮೇಲೆಯೇ ಹರಡಿದ್ದಾರೆಯೇ ಎಂದು ಬಣ್ಣದಿಂದ ಗೊತ್ತಾಗುತ್ತದೆ. ಅಗೆದಾಗ ಮೇಲೆ ಹಳದಿ, ಕೆಳಗೆ ಕಪ್ಪು ಮಣ್ಣು ಕಂಡರೆ ತಿರುವುಮುರುವು ಆಗಿದೆ ಎಂದರ್ಥ.

ಕೊರೆದ ರಂಧ್ರವನ್ನು ಕಣ್ಣಿನಿಂದ ಪರೀಕ್ಷಿಸಲು ಆಗುವುದಿಲ್ಲ, ಅದು ಕಾಗದದ ಕೆಲಸ. ರಂಧ್ರದ ವ್ಯಾಸ, ಆಳಗಳಿಂದ ಬೇಕಾಗುವ ಸಿಮೆಂಟಿನ ಲೆಕ್ಕ ಹಾಕಿ, ಸುರಿದ ಸಿಮೆಂಟಿನ ಜೊತೆ ತಾಳೆ ನೋಡುತ್ತೇನೆ. ಹೆಚ್ಚು ಹೋಗಿದ್ದರೆ ಬಿರುಕುಗಳು ಕುಡಿದಿರಬಹುದು. ಕಡಿಮೆಯಿದ್ದರೆ ಒಳಗೆ ಎಲ್ಲೋ ಟೊಳ್ಳಿದೆ. ಮೇಲಿನ ಒರತೆಯ ನೀರು ಆ ದಾರಿಯಾಗಿ ಗಣಿಯೊಳಕ್ಕೆ ಇಳಿಯುವ ಅಪಾಯ ಉಂಟು. ಕೊರೆತದ ಕೆಸರು ತುಂಬಿದ್ದ ಹೊಂಡ ಕುಸಿದು ತಗ್ಗಾಗಿದೆಯೇ, ಮಸ್ಕ್ ಥಿಸಲ್ ಎಂಬ ಮುಳ್ಳಿನ ಕಳೆ ಹುಟ್ಟಿದೆಯೇ ಎಂದೂ ನೋಡುತ್ತೇನೆ. ಆ ಕಳೆ ಹೂ ಬಿಡುವ ಮೊದಲೇ ಕೀಳಿಸಬೇಕು.

ವರ್ಷಕ್ಕೆ 26 ಅಂಗುಲ ಅಥವಾ ಅದಕ್ಕಿಂತ ಕಡಿಮೆ ಮಳೆ ಬೀಳುವ ಕಡೆ ಗಣಿ ನೆಲದ ಹಸಿರಿನ ಹೊಣೆ ಕಂಪನಿಯ ಮೇಲೆ ಕನಿಷ್ಠ 10 ವರ್ಷ ಇರುತ್ತದೆ, ಹೆಚ್ಚು ಬೀಳುವ ಕಡೆ 5 ವರ್ಷ. ಅಷ್ಟು ಕಾಲ ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ ಕ್ಯಾಮೆರಾ ಹಿಡಿದು ಚಿತ್ರ ತೆಗೆದಿಟ್ಟುಕೊಳ್ಳಬೇಕು. ಹೊಸ ಗುತ್ತಿಗೆದಾರರಿಗೆ ನಾನು ಮೊದಲೇ ಹೇಳುವುದೊಂದಿದೆ: ದಾರಿಯನ್ನು ತುದಿಯಿಂದ ಹಿಂದಕ್ಕೆ ಸರಿಯುತ್ತಾ ಸಡಿಲಿಸಿ, ಬೀಜ ಹಾಕಿಕೊಂಡು ಬನ್ನಿ, ಸಡಿಲಿಸಿದ ನೆಲದ ಮೇಲೆ ಯಂತ್ರ ಮತ್ತೆ ಹತ್ತಬಾರದು.