ಲೈನ್‌ನ ತೂತು ಎಣಿಸಿ ಸೂಪರ್ ಬೌಲ್ ಊಹಿಸುವುದು: ನನ್ನ ಅನುಭವ

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಗೆಲ್ಲಲು, ಕ್ವಾರ್ಟರ್‌ಬ್ಯಾಕ್‌ನನ್ನು (ಚೆಂಡು ಎಸೆಯುವವನು) ಕಾಯುವ ಐವರ ಲೈನ್ ಎಷ್ಟು ಮುಖ್ಯ? ಆ ಲೈನ್‌ನ ದುರ್ಬಲ ಜಾಗಗಳನ್ನು, ಅಂದರೆ ತೂತುಗಳನ್ನು, ಎಣಿಸುವ ನನ್ನ ಶೀಟ್ 2025ರ ಫೆಬ್ರವರಿಯ ಫೈನಲ್‌ಗೆ ಈಗಲ್ಸ್ ಎಂದಿತ್ತು. ಪೂಲ್‌ನಲ್ಲಿ (ಗೆಲ್ಲುವವರನ್ನು ಊಹಿಸುವ ಪಂಥ) ಮುಕ್ಕಾಲು ಪಾಲು ಜನ ಕ್ವಾರ್ಟರ್‌ಬ್ಯಾಕ್ ಮಹೋಮ್ಸ್ ಇದ್ದ ಚೀಫ್ಸ್ ಕಡೆ. "ಮಹೋಮ್ಸ್ ಇರುವಾಗ ಗಾರ್ಡ್ ಯಾರು ಅಂತ ಯಾರು ನೋಡ್ತಾರೆ" ಎನ್ನುವ ಮಾತು ಬೇಕಾದಷ್ಟು ಬಂತು. ಕೊನೆಗೆ ಈಗಲ್ಸ್‌ಗೆ 40-22. ಮಹೋಮ್ಸ್ ಆರು ಸಲ ಸ್ಯಾಕ್ ಆದರು (ಚೆಂಡು ಎಸೆಯುವ ಮುನ್ನವೇ ಬಿದ್ದರು), ಅದೂ ಈಗಲ್ಸ್ ಒಂದೇ ಒಂದು ಬ್ಲಿಟ್ಜ್ (ಮಾಮೂಲಿಗಿಂತ ಹೆಚ್ಚು ಜನ ನುಗ್ಗುವುದು) ಕಳಿಸದೆ. ಆಮೇಲೆ ವಿಧಾನ ಏನೆಂದು ಕೇಳುವವರು ಹೆಚ್ಚಿದ್ದಾರೆ. ಆಟ ಗೊತ್ತಿರುವವರಿಗಾಗಿ ಬರೆಯುತ್ತಿದ್ದೇನೆ, ಟ್ಯಾಕಲ್ ಎಂದರೆ ಯಾರು ಎಂಬಲ್ಲಿಂದ ಶುರು ಮಾಡುವುದಿಲ್ಲ. ಲೈನ್‌ನ ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ಎರಡೂ ತುದಿಗೆ ಟ್ಯಾಕಲ್ ಎಂಬಷ್ಟು ನೆನಪಿದ್ದರೆ ಸಾಕು.

ಮೊದಲು ಕೈಕೊಟ್ಟ ದಾರಿಗಳು. ಎಲ್ಲರೂ ಇಲ್ಲೇ ಹಣ, ಸಮಯ ಎರಡೂ ಕಳೆಯುವುದು.

ಸ್ಯಾಕ್ ಸಂಖ್ಯೆಯಿಂದ ಲೈನ್ ಅಳೆಯಲು ಹೋಗಬೇಡಿ. ಸ್ಯಾಕ್‌ನಲ್ಲಿ ಅರ್ಧ ಪಾಲು ಕ್ವಾರ್ಟರ್‌ಬ್ಯಾಕ್‌ನದು. ಚೆಂಡು ಹಿಡಿದು ನಿಲ್ಲುವವನು ತಂಡ ಬದಲಿಸಿದರೂ ಸ್ಯಾಕ್ ಅವನ ಬೆನ್ನು ಬಿಡುವುದಿಲ್ಲ. 2021ರ ಸೀಸನ್‌ನಲ್ಲಿ ಬೆಂಗಾಲ್ಸ್ ಕ್ವಾರ್ಟರ್‌ಬ್ಯಾಕ್ ಬರೋ 51 ಸಲ ಬಿದ್ದರು, ಪ್ಲೇಆಫ್‌ನಲ್ಲಿ ಟೆನೆಸಿ ಎದುರು ಒಂದೇ ಪಂದ್ಯದಲ್ಲಿ ಒಂಬತ್ತು ಸಲ. ಆದರೂ ಬೆಂಗಾಲ್ಸ್ 19-16ರಲ್ಲಿ ಗೆದ್ದು ಫೈನಲ್‌ವರೆಗೆ ಬಂದರು. 2013ರಲ್ಲಿ ರಸೆಲ್ ವಿಲ್ಸನ್ 44 ಸಲ ಬಿದ್ದ ಸಿಯಾಟಲ್ ಕಪ್ಪನ್ನೇ ಒಯ್ದಿತು. ಈ ಎರಡು ಸೀಸನ್ ಸಾಕು, ಸ್ಯಾಕ್ ಕಾಲಂ ಅಳಿಸಲು.

ಐವರ ಅಂಕಗಳ ಸರಾಸರಿಯೂ ಹಾಗೆಯೇ. ನಾಲ್ವರು ಅದ್ಭುತ, ಒಬ್ಬ ಕೆಟ್ಟವ ಇದ್ದರೆ ಸರಾಸರಿ ಚೆನ್ನಾಗಿಯೇ ಕಾಣುತ್ತದೆ. ಕೆರೆ ಏರಿ ಎಷ್ಟೇ ದಪ್ಪವಿದ್ದರೂ ನೀರು ಹೋಗುವುದು ಬಿರುಕಿದ್ದ ಕಡೆಯಿಂದ. ಜೋ ಥಾಮಸ್ ಕ್ಲೀವ್‌ಲೆಂಡ್‌ನಲ್ಲಿ ಸತತ 10,363 ಸ್ನ್ಯಾಪ್ (ಸೆಂಟರ್ ಚೆಂಡು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದೊಂದು ಆಟ) ಆಡಿದರು, ಅವರ ಪೀಳಿಗೆಯ ಅತ್ಯುತ್ತಮ ಎಡ ಟ್ಯಾಕಲ್‌ಗಳಲ್ಲಿ ಒಬ್ಬರು, ಒಂದು ಪ್ಲೇಆಫ್ ಪಂದ್ಯವೂ ದಕ್ಕಲಿಲ್ಲ. ಟೈರನ್ ಸ್ಮಿತ್, ಫ್ರೆಡರಿಕ್, ಜ್ಯಾಕ್ ಮಾರ್ಟಿನ್ ಇದ್ದ 2014ರ ಡಲ್ಲಾಸ್ ಲೈನ್ ಹಿಂದೆ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಮರ್ರೆ 1,845 ಗಜ ಓಡಿದರು, ಕಪ್ ಇಲ್ಲ.

ಮೂರನೆಯದು ದುಡ್ಡು. ಲೈನ್‌ಗೆ ಸ್ಯಾಲರಿ ಕ್ಯಾಪ್‌ನ (ತಂಡದ ಒಟ್ಟು ಸಂಬಳದ ಮಿತಿ) ಎಷ್ಟು ಪಾಲು ಹೋಗಿದೆ ಎಂದು ನೋಡಿ ತಂಡಗಳನ್ನು ಸಾಲಾಗಿ ನಿಲ್ಲಿಸುವುದು ಸುಲಭ, ಉಪಯೋಗ ಸೊನ್ನೆ. 2021ರಲ್ಲಿ ಕ್ಯಾನ್ಸಸ್ ಸಿಟಿ (ಅದೇ ಚೀಫ್ಸ್) ಇಡೀ ಲೈನ್ ಬದಲಿಸಿತಲ್ಲ, ಅದರ ಬಿಲ್ ನೋಡಿ. ಗಾರ್ಡ್ ಥೂನಿಗೆ ಐದು ವರ್ಷಕ್ಕೆ 8 ಕೋಟಿ ಡಾಲರ್, ಟ್ಯಾಕಲ್ ಒರ್ಲಾಂಡೊ ಬ್ರೌನ್‌ಗಾಗಿ ಮೊದಲ ಸುತ್ತಿನ ಪಿಕ್ (ಡ್ರಾಫ್ಟ್‌ನಲ್ಲಿ ಹೊಸಬನನ್ನು ಆರಿಸುವ ಹಕ್ಕು). ಆದರೆ ಸೆಂಟರ್ ಕ್ರೀಡ್ ಹಂಫ್ರಿ ಎರಡನೇ ಸುತ್ತಿನ ಕೊನೆಯಲ್ಲಿ, ಬಲ ಗಾರ್ಡ್ ಟ್ರೇ ಸ್ಮಿತ್ ಆರನೇ ಸುತ್ತಿನಲ್ಲಿ 226ನೆಯವನಾಗಿ ಸಿಕ್ಕವರು. ಇಬ್ಬರೂ ಹೊಸಬರ ಸಂಬಳದಲ್ಲೇ ಆಡಿ ಕಪ್ ಎತ್ತಿದರು. ಈಗಲ್ಸ್‌ನ ಮೈಲಾಟಾ 2018ರ ಏಳನೇ ಸುತ್ತು, ರಗ್ಬಿಯಿಂದ ಬಂದ ಆಸ್ಟ್ರೇಲಿಯಾದವರು. 2024ರಲ್ಲಿ ಅವರ ಬಲ ಗಾರ್ಡ್ ಬೆಕ್ಟನ್‌ಗೆ ಒಂದು ವರ್ಷದ ಒಪ್ಪಂದ, ಹೆಚ್ಚೆಂದರೆ 55 ಲಕ್ಷ ಡಾಲರ್. ಟ್ಯಾಕಲ್ ಆಗಿ ಬಂದವರನ್ನು ಲೈನ್ ಕೋಚ್ ಸ್ಟೌಟ್ಲೆಂಡ್ ಗಾರ್ಡ್ ಮಾಡಿದರು. ಕೋಚ್ ಒಳ್ಳೆಯವನಿದ್ದರೆ ಬೆಲೆಪಟ್ಟಿ ಸುಳ್ಳು ಹೇಳುತ್ತದೆ.

ಈಗ ನಡೆಯುವ ವಿಧಾನ. ಉಚಿತ ಪ್ಲೇ-ಬೈ-ಪ್ಲೇ (ಒಂದೊಂದು ಸ್ನ್ಯಾಪ್‌ನ) ದತ್ತಾಂಶ ಎನ್‌ಎಫ್‌ಎಲ್‌ವರ್ಸ್‌ನಿಂದ ತೆಗೆಯಿರಿ, 1999ರಿಂದ ಇದೆ. ಅದರಲ್ಲಿ ಪಾಸ್ ಖಚಿತ ಎಂದು ಡಿಫೆನ್ಸ್‌ಗೂ ಗೊತ್ತಿರುವ ಸ್ನ್ಯಾಪ್ ಮಾತ್ರ ಉಳಿಸಿ: ಮೂರನೇ ಡೌನ್‌ನಲ್ಲಿ (ಹತ್ತು ಗಜಕ್ಕೆ ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು) ಏಳು ಗಜ ಅಥವಾ ಹೆಚ್ಚು ಬೇಕಿರುವಾಗ, ಅರ್ಧದ ಕೊನೆಯ ಎರಡು ನಿಮಿಷ, ನಾಲ್ಕನೇ ಕ್ವಾರ್ಟರ್‌ನಲ್ಲಿ ಒಂಬತ್ತು ಅಂಕ ಅಥವಾ ಹೆಚ್ಚು ಹಿಂದಿರುವಾಗ. ಪ್ಲೇ ಆ್ಯಕ್ಷನ್ (ಓಟದ ನಟನೆ ಮಾಡಿ ಎಸೆಯುವುದು), ಸ್ಕ್ರೀನ್ (ಎದುರಾಳಿಯನ್ನು ಬೇಕೆಂದೇ ಒಳಬಿಟ್ಟು ಕೊಡುವ ಚಿಕ್ಕ ಪಾಸ್), ಎರಡು ಸೆಕೆಂಡಿನೊಳಗೆ ಚೆಂಡು ಹೋದದ್ದು, ಇವೆಲ್ಲ ವಿಡಿಯೋ ನೋಡಿ ಹೊರಗೆ. ಪಂದ್ಯಕ್ಕೆ ಹತ್ತು-ಹದಿನೈದು ಉಳಿಯುತ್ತವೆ. ಸೀಸನ್‌ನ ಕೊನೆಯ ಆರು ಪಂದ್ಯ ಸಾಕು. ಸೆಪ್ಟೆಂಬರ್‌ನ ಲೈನ್ ಜನವರಿಯಲ್ಲಿ ಇರುವುದೇ ಇಲ್ಲ.

ಆಲ್-22ರಲ್ಲಿ (22 ಆಟಗಾರರೂ ಕಾಣುವ ವಿಡಿಯೋ) ಎಂಡ್‌ಜೋನ್ (ಮೈದಾನದ ತುದಿ) ಕೋನದಿಂದಲೇ ನೋಡಬೇಕು, ಪಕ್ಕದಿಂದ ಗಾರ್ಡ್‌ಗಳ ಕಾಲು ಕಾಣುವುದಿಲ್ಲ. ಲೈನ್‌ಮನ್ ತಡೆದು ನಿಲ್ಲಬೇಕಾದ ಮಿತಿ 2.5 ಸೆಕೆಂಡ್, ಇಎಸ್‌ಪಿಎನ್‌ನ ಪಾಸ್ ಬ್ಲಾಕ್ ವಿನ್ ರೇಟ್‌ನದೇ ಅಳತೆ. ಮೊಬೈಲ್ ಸ್ಟಾಪ್‌ವಾಚ್ ಬೇಡ, ಬೆರಳಿನ ತಡದಲ್ಲೇ ಕಾಲು ಸೆಕೆಂಡ್ ಹೋಗುತ್ತದೆ. ಫ್ರೇಮ್ ಎಣಿಸಿ: ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೋದಲ್ಲಿ 75, 60ರದ್ದಾದರೆ 150. ಪ್ರತಿ ಸ್ನ್ಯಾಪ್‌ಗೆ ಬರೆಯುವುದು: ರಶರ್ (ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗುವವರು) ಎಷ್ಟು, ಒಂಟಿಯಾಗಿ ನಿಂತ ಲೈನ್‌ಮನ್ ಯಾರು, ಟೈಟ್ ಎಂಡ್ (ಲೈನ್ ಪಕ್ಕ ನಿಲ್ಲುವ ರಿಸೀವರ್) ಅಥವಾ ರನ್ನಿಂಗ್ ಬ್ಯಾಕ್ ಚಿಪ್ (ಹೋಗುವ ಮುನ್ನ ರಶರ್‌ಗೆ ಒಂದು ತಳ್ಳು) ಕೊಟ್ಟದ್ದು ಯಾರಿಗೆ, ಸೋತವನು ಯಾರು, ಹೇಗೆ (ಹೊರವೇಗ, ಒಳತಿರುವು, ಬುಲ್ ರಶ್ ಎಂಬ ನೇರ ತಳ್ಳಾಟ, ಇಬ್ಬರು ರಶರ್ ದಾರಿ ಅದಲುಬದಲು ಮಾಡುವ ಸ್ಟಂಟ್).

ಎಡವುವುದು ಹೊಣೆ ಹಂಚುವಾಗ. ಸ್ಟಂಟ್‌ನಲ್ಲಿ ಗಾರ್ಡ್, ಟ್ಯಾಕಲ್ ನಡುವೆ ಯಾರ ತಪ್ಪು ಎಂದು ಹೊರಗಿನವರಿಗೆ ತಿಳಿಯದು, ತಲಾ ಅರ್ಧ ಹಾಕಿ ಮುಂದೆ ಹೋಗಿ. ಯಾರೂ ಮುಟ್ಟದೆ ನುಗ್ಗಿದವನನ್ನು ಯಾವ ಲೈನ್‌ಮನ್ ಲೆಕ್ಕಕ್ಕೂ ಹಾಕಬೇಡಿ, ಅದು ಸ್ನ್ಯಾಪ್‌ಗೆ ಮುಂಚಿನ ಕರೆಯ ಪ್ರಶ್ನೆ. ಕ್ವಾರ್ಟರ್‌ಬ್ಯಾಕ್ ಹತ್ತು ಗಜಕ್ಕಿಂತ ಹಿಂದೆ ಸರಿದ ಸ್ನ್ಯಾಪ್ ಬಿಟ್ಟುಬಿಡಿ. ಟ್ಯಾಕಲ್ ಏಳೆಂಟು ಗಜದ ಪಾಕೆಟ್ (ಕ್ವಾರ್ಟರ್‌ಬ್ಯಾಕ್ ನಿಲ್ಲುವ ಕಾವಲಿನ ಜಾಗ) ನಂಬಿ ರಶರ್‌ನನ್ನು ಸುತ್ತಿಸುತ್ತಾನೆ, ಕ್ವಾರ್ಟರ್‌ಬ್ಯಾಕ್ ಇನ್ನೂ ಹಿಂದೆ ಹೋದರೆ ಸುತ್ತುವವನಿಗೆ ನೇರ ದಾರಿ ತೆರೆಯುತ್ತದೆ.

ನೆರವಿಲ್ಲದೆ ಒಂಟಿಯಾಗಿ ನಿಂತ ಸ್ನ್ಯಾಪ್‌ಗಳಲ್ಲಿ ಸೋಲಿನ ಪ್ರಮಾಣವಷ್ಟೇ ನನಗೆ ಬೇಕಾದದ್ದು. ಹತ್ತರಲ್ಲಿ ಒಂದು ಸೋತರೆ ಒಳ್ಳೆಯವನು, ಐದರಲ್ಲಿ ಒಂದಕ್ಕಿಂತ ಹೆಚ್ಚು ಸೋತರೆ ಅದು ತೂತು. ಅರ್ಧ ಸಲ ಚಿಪ್ ಪಡೆಯುವ ಟ್ಯಾಕಲ್‌ನ ಒಟ್ಟು ಅಂಕ ಚೆನ್ನಾಗಿಯೇ ಇರುತ್ತದೆ, ಮೋಸ ಹೋಗಬೇಡಿ. ಆ ಚಿಪ್‌ಗೆ ಒಬ್ಬ ರಿಸೀವರ್ ಖರ್ಚಾಗಿರುತ್ತಾನೆ.

ಇನ್ನು ತೂತುಗಳನ್ನು ಕೂಡಿಸುವುದು ಹೇಗೆ ಎಂಬುದು. ಒಂದು ತೂತು ಇದ್ದರೆ ಸೆಂಟರ್ ಆ ಕಡೆ ಸರಿಯುತ್ತಾನೆ, ಚಿಪ್ ಕಳಿಸುತ್ತಾರೆ, ಬದುಕಬಹುದು. ನಾಲ್ವರ ರಶ್‌ಗೆ ಐವರಿರುವಾಗ ಡಬಲ್ ಟೀಮ್‌ಗೆ (ಒಬ್ಬ ರಶರ್ ಮೇಲೆ ಇಬ್ಬರು) ಸಿಗುವುದು ಒಬ್ಬನೇ ಹೆಚ್ಚುವರಿ. ಎರಡು ತೂತಾದರೆ ಆ ಲೆಕ್ಕ ಮುರಿಯುತ್ತದೆ, ಎರಡೂ ಬೇರೆ ಬೇರೆ ಬದಿಯಲ್ಲಿದ್ದರಂತೂ ಮುಗಿದಂತೆ. ಹಾಗಾಗಿ ಎರಡನೇ ತೂತನ್ನು ನಾನು ಕೂಡಿಸುವುದಿಲ್ಲ, ಗುಣಿಸುತ್ತೇನೆ. ಗುಣಕ ಎಷ್ಟೆಂದು ಹೇಳುವುದಿಲ್ಲ, ಒಂದೂವರೆಗಿಂತ ಹೆಚ್ಚು ಎಂದಿಟ್ಟುಕೊಳ್ಳಿ. ಎದುರಾಳಿಯ ನಾಲ್ವರಲ್ಲಿ ಯಾರು ಯಾವ ಬದಿಗೆ ಬರುತ್ತಾರೆ ಎಂದು ಹೊಂದಿಸುವ ಕಾಲಂ ಇನ್ನೊಂದಿದೆ, ಅದೂ ನನ್ನಲ್ಲೇ ಇರಲಿ. ಪೂಲ್ ಇನ್ನೂ ನಡೆಯುತ್ತಿದೆ.

ಹಳೆಯ ಫೈನಲ್‌ಗಳಿಗೆ ಹಚ್ಚಿದಾಗ ಇದು ಎಷ್ಟು ನಿಚ್ಚಳವಾಗಿ ಕೂರುತ್ತದೆ ನೋಡಿ. 2021ರ ಫೆಬ್ರವರಿ, ಟ್ಯಾಂಪಾ ಎದುರು ಕ್ಯಾನ್ಸಸ್ ಸಿಟಿ: ಬಲ ಟ್ಯಾಕಲ್ ಷ್ವಾರ್ಟ್ಜ್ ಬೆನ್ನುನೋವಿನಿಂದ ಮೊದಲೇ ಹೊರಗೆ, ಎಡ ಟ್ಯಾಕಲ್ ಫಿಷರ್ ಹಿಂದಿನ ಪಂದ್ಯದಲ್ಲಿ ಹಿಮ್ಮಡಿಯ ಅಕಿಲಿಸ್ ಹರಿದುಕೊಂಡರು. ಎರಡು ಬದಿಗೂ ತೂತು, ಫಲಿತಾಂಶ 31-9. ಮಹೋಮ್ಸ್ ಮೇಲೆ 29 ಪ್ರೆಶರ್ (ರಶರ್ ಹತ್ತಿರ ಬಂದು ಕಾಡಿದ ಸ್ನ್ಯಾಪ್), ಸ್ಯಾಕ್ ಬರೀ ಮೂರು. ಸ್ಯಾಕ್ ಎಣಿಸುವವರಿಗೆ ಅಂದು ಲೈನ್ ಪರವಾಗಿಲ್ಲ ಎಂದೇ ಕಾಣುತ್ತದೆ! ಅಂದು ಎಡ ಟ್ಯಾಕಲ್‌ನಲ್ಲಿ ನಿಂತವರು ಮೈಕ್ ರೆಮ್ಮರ್ಸ್. ಸೂಪರ್ ಬೌಲ್ 50ರಲ್ಲಿ ಕ್ಯಾರೊಲೈನಾದ ಬಲ ಟ್ಯಾಕಲ್ ಆಗಿ ಡೆನ್ವರ್‌ನ ರಶರ್ ವಾನ್ ಮಿಲ್ಲರ್‌ಗೆ ಎದುರಾದವರೂ ಅವರೇ. ಆ ಸೀಸನ್ 15-1 ಗೆದ್ದ ತಂಡ ಅದು, ಮಿಲ್ಲರ್ ಎರಡು ಸಲ ಅದರ ಕ್ವಾರ್ಟರ್‌ಬ್ಯಾಕ್ ನ್ಯೂಟನ್ ಕೈಯಿಂದ ಚೆಂಡು ಉದುರಿಸಿದರು, ಎರಡೂ ಟಚ್‌ಡೌನ್‌ಗೆ ದಾರಿಯಾದವು. ಆಟಗಾರ ಕೆಟ್ಟವನೆಂದು ಇದರರ್ಥವಲ್ಲ. ಅತ್ಯುತ್ತಮ ರಶರ್ ಯಾರ ಮುಂದೆ ನಿಲ್ಲಬೇಕೆಂದು ಡಿಫೆನ್ಸ್ ಆರಿಸುತ್ತದೆ, ಲೈನ್‌ಗೆ ಆ ಆಯ್ಕೆ ಇಲ್ಲ.

2025ರ ಫೈನಲ್‌ನ ಗುಟ್ಟೂ ಇಷ್ಟೇ. ಎಡ ಟ್ಯಾಕಲ್ ಸಮಸ್ಯೆಗೆ ಚೀಫ್ಸ್ ಥೂನಿಯನ್ನು ಗಾರ್ಡ್‌ನಿಂದ ಹೊರಗೆ ತಳ್ಳಿದರು, ಅವರ ಜಾಗಕ್ಕೆ ಕ್ಯಾಲಿಯೆಂಡೊ ಬಂದರು. ಒಂದು ತೂತು ಮುಚ್ಚಲು ಹೋಗಿ ಎರಡು ಜಾಗ ಬದಲಾದವು. ಜಾಗ ಬದಲಿಸಿದ ಲೈನ್‌ಮನ್‌ನನ್ನು ನನ್ನ ಶೀಟ್ ಎಷ್ಟೇ ದೊಡ್ಡ ಹೆಸರಾದರೂ ಅರ್ಧ ತೂತು ಎಂದೇ ಹಿಡಿಯುತ್ತದೆ. ಈಗಲ್ಸ್ ಕಡೆ ಐವರೂ ತಮ್ಮ ತಮ್ಮ ಜಾಗದಲ್ಲಿದ್ದರು.

ನಡುವೆ ಕೆಲವು ಅಡ್ಡ ಪ್ರಯೋಗಗಳು. ಐವರ ತೂಕ ಕೂಡಿಸಿ ನೋಡಿದೆ. ಆ ಈಗಲ್ಸ್ ಲೈನ್ ಸರಾಸರಿ 330 ಪೌಂಡಿಗೂ ಮೇಲಿತ್ತಲ್ಲ, ಆಸೆ ಹುಟ್ಟಿತು. ಉಳಿದ ವರ್ಷಗಳಿಗೆ ಹಚ್ಚಿದರೆ ಏನೂ ಇಲ್ಲ. ರನ್ ಗಜ ಹಾಕಿದರೆ ಈಗಲ್ಸ್ ರನ್ನಿಂಗ್ ಬ್ಯಾಕ್ ಬಾರ್ಕ್ಲಿಯ 2,005 ಗಜದಲ್ಲಿ ಲೈನ್‌ನದೆಷ್ಟು, ಅವರ ಕಾಲಿನದೆಷ್ಟು ಎಂದು ಬೇರ್ಪಡಿಸಲಾಗದು. ಐವರೂ ಒಟ್ಟಿಗೆ ಆಡಿದ ಸ್ನ್ಯಾಪ್ ಎಣಿಕೆ ಮಾತ್ರ ಸ್ವಲ್ಪ ಕೆಲಸ ಮಾಡಿತು, ಅದೂ ಸ್ಟಂಟ್ ಹೆಚ್ಚು ಆಡಿಸುವ ತಂಡಗಳ ಎದುರು. ಹುಲ್ಲನ್ನೂ ನೋಡಿ: 2023ರ ಫೈನಲ್‌ನಲ್ಲಿ ಸೀಸನ್‌ಗೆ 70 ಸ್ಯಾಕ್ ಮಾಡಿದ್ದ ಈಗಲ್ಸ್‌ಗೆ ಚೀಫ್ಸ್ ಒಂದನ್ನೂ ಕೊಡಲಿಲ್ಲ, 38-35. ಲೈನ್ ನಿಜಕ್ಕೂ ಒಳ್ಳೆಯದಿತ್ತು, ಆದರೆ ಗ್ಲೆಂಡೇಲ್‌ನ ನೆಲ ಜಾರುತ್ತಿತ್ತು. ಬಾಗಿ ತಿರುಗುವ ರಶರ್‌ಗೆ ಜಾರುವ ನೆಲದಷ್ಟು ಹೊಡೆತ ಬೇರೆ ಇಲ್ಲ. ಆ ಪಂದ್ಯವನ್ನು ನಾನು ಅರ್ಧ ತೂಕಕ್ಕೆ ಇಳಿಸಿದ್ದೇನೆ.

ಲೆಕ್ಕ ಹಿಡಿಯದ ಕಡೆ ಒಂದಿದೆ. 2015ರ ಸೀಸನ್‌ನ ಡೆನ್ವರ್ ಅದೇ ಸೂಪರ್ ಬೌಲ್ 50ರಲ್ಲಿ ಒಟ್ಟು 194 ಗಜ ಮಾಡಿ 24-10ರಲ್ಲಿ ಗೆದ್ದಿತು. ಅವರ ಲೈನ್ ನನ್ನ ಶೀಟ್‌ನಲ್ಲಿ ಸಾಧಾರಣಕ್ಕಿಂತ ಕೆಳಗೆ. ಡಿಫೆನ್ಸ್ ಆ ಮಟ್ಟದ್ದಾದರೆ ಲೈನ್ ಸಹಿಸಿಕೊಂಡರೂ ಸಾಕು. ಹಾಗಾಗಿ ಮೊದಲಿನ ಪ್ರಶ್ನೆಗೆ ನನ್ನ ಉತ್ತರ: ತೂತಿಲ್ಲದ ಮಟ್ಟ ಮುಟ್ಟುವವರೆಗೆ ಲೈನ್ ತುಂಬಾ ಮುಖ್ಯ, ಅದರ ಮೇಲೆ ಸುರಿಯುವ ಪ್ರತಿ ಡಾಲರ್‌ಗೂ ಫಲ ಕಡಿಮೆ. ಮೂವರು ಪ್ರೊ ಬೌಲ್ (ವರ್ಷದ ಅತ್ಯುತ್ತಮರ ತಂಡ) ಲೈನ್‌ಮನ್ ಇದ್ದ 2007ರ ಪೇಟ್ರಿಯಟ್ಸ್‌ನಲ್ಲೂ ಬ್ರೇಡಿ ಜೈಂಟ್ಸ್ ಎದುರು ಐದು ಸಲ ಬಿದ್ದು 17-14ರಲ್ಲಿ ಸೋತರು. ನಾನು ಮ್ಯಾನೇಜರ್ ಆಗಿದ್ದರೆ ನಾಲ್ಕನೇ ದೊಡ್ಡ ಹೆಸರಿಗೆ ಸುರಿಯುವ ಹಣವನ್ನು ಎರಡೂ ಬದಿ ಆಡಬಲ್ಲ ಆರನೆಯವನಿಗೆ ಕೊಡುತ್ತಿದ್ದೆ. ಎಂಟು ಲೈನ್‌ಮನ್ ಇದ್ದರೆ ಪಂದ್ಯದ ದಿನ 48 ಜನರನ್ನು ಸಜ್ಜಾಗಿಸಬಹುದು ಎಂಬ 2020ರ ನಿಯಮ ಇರುವುದೇ ಅವನಿಗೆ ಜಾಗ ಸಿಗಲಿ ಎಂದು.

ಖರ್ಚಿನ ವಿಚಾರ: ಆಲ್-22 ಇರುವ ಚಂದಾ ವರ್ಷಕ್ಕೆ ನೂರು ಡಾಲರ್ ಆಸುಪಾಸು, ಆಟಗಾರರ ಗ್ರೇಡ್ ಮಾರುವ ತಾಣಗಳದ್ದೂ ಹೆಚ್ಚುಕಡಿಮೆ ಅಷ್ಟೇ. ಎರಡನೆಯದು ಬೇಕಿಲ್ಲ, ನಾನು ನಿಲ್ಲಿಸಿದ್ದೇನೆ. ಮೊದಲನೆಯದನ್ನೂ ಪೂರ್ತಿ ವರ್ಷಕ್ಕೆ ಕಟ್ಟಬೇಡಿ. ಡಿಸೆಂಬರ್ ಮಧ್ಯದಲ್ಲಿ ತಿಂಗಳ ಲೆಕ್ಕಕ್ಕೆ ಸೇರಿ, ಹಿಂದಿನ ವಾರಗಳ ವಿಡಿಯೋ ಅಲ್ಲೇ ಇರುತ್ತದೆ. ಒಂದು ತಂಡಕ್ಕೆ ನಾಲ್ಕೈದು ಗಂಟೆ ಹಿಡಿಯುತ್ತದೆ, ಪ್ಲೇಆಫ್‌ನ ಹದಿನಾಲ್ಕೂ ತಂಡ ಮಾಡಲು ಹೋಗಬೇಡಿ, ಎರಡನೇ ಸುತ್ತಿಗೆ ಉಳಿದ ಎಂಟು ಸಾಕು. ಶುಕ್ರವಾರದ ಗಾಯಾಳು ಪಟ್ಟಿ ಬಂದ ಮೇಲೆ ಶೀಟ್ ಇನ್ನೊಮ್ಮೆ ತಿರುಗಿಸಿ, ಫೈನಲ್ ಮುಗಿದ ಸೋಮವಾರ ಚಂದಾ ರದ್ದು ಮಾಡಿ.