ಹ್ಯಾಂಪರ್, ಇಂಪೀಡ್, ಥ್ವಾರ್ಟ್: ಕನ್ನಡ ಅರ್ಥ ಬರೆಸದೆ ಕಲಿಸಿದ ನನ್ನ ಅನುಭವ

ಧಾರವಾಡದ ಸಪ್ತಾಪುರದಲ್ಲಿ ಇಂಗ್ಲಿಷ್ ಕ್ಲಾಸ್ ನಡೆಸುವ ಎಲ್ಲರಿಗೂ ಈ ತಲೆನೋವು ಗೊತ್ತು. ಹಿಂಡರ್, ಹ್ಯಾಂಪರ್, ಇಂಪೀಡ್, ಅಬ್‌ಸ್ಟ್ರಕ್ಟ್, ಥ್ವಾರ್ಟ್. ಐದಕ್ಕೂ ಹುಡುಗರ ನೋಟ್‌ಬುಕ್‌ನಲ್ಲಿ ಒಂದೇ ಅರ್ಥ, ಅಡ್ಡಿಪಡಿಸು. ಬ್ಯಾಂಕ್ ಪರೀಕ್ಷೆಯಲ್ಲಿ ಇವುಗಳಲ್ಲಿ ಎರಡು ಒಟ್ಟಿಗೆ ಬಂದರೆ ಮುಗೀತು, ದೇವರ ಮೇಲೆ ಭಾರ ಹಾಕಿ ಒಂದಕ್ಕೆ ಗುರುತು ಮಾಡುತ್ತಾರೆ. ನೆಗೆಟಿವ್ ಮಾರ್ಕ್ಸ್ ಬೇರೆ.

ನಾನು ಕನ್ನಡ ಅರ್ಥ ಬರೆಸುವುದನ್ನೇ ಬಿಟ್ಟೆ. ಬದಲಿಗೆ ಪ್ರತಿ ಪದದ ಎದುರು ಎರಡು ಪ್ರಶ್ನೆ. ಕೆಲಸ ನಿಂತೇ ಹೋಯಿತಾ, ಇಲ್ಲಾ ನಿಧಾನ ಆಯಿತಾ? ಪೆಟ್ಟು ಬಿದ್ದದ್ದು ಯಾವುದಕ್ಕೆ, ದಾರಿಗಾ, ಕೆಲಸಕ್ಕಾ, ಸಂಚಿಗಾ? ಇದನ್ನು ಕೇಳಿ ನಮ್ಮ ಓಣಿಯಲ್ಲೇ ಕ್ಲಾಸ್ ನಡೆಸುವ ಹಿರಿಯರೊಬ್ಬರು ನಕ್ಕರು. "ಅರ್ಥ ಕೊಡಲಿಲ್ಲಂದ್ರ ಹುಡುಗ್ರು ಮುಂದಿನ ತಿಂಗಳು ಫೀ ಕೊಡಂಗಿಲ್ರಿ" ಅಂದರು. ಸುಮ್ನೆ ಅಂದಿದ್ದಲ್ಲ. ನಲವತ್ತರ ಹತ್ತಿರ ಇದ್ದ ಬ್ಯಾಚ್ ಇಪ್ಪತ್ತೈದಕ್ಕೆ ಇಳಿಯಿತು. ರೂಮಿನ ಬಾಡಿಗೆ ಎಂಟು ಸಾವಿರ ಮಾತ್ರ ಇಳಿಯಲಿಲ್ಲ.

ಅದಕ್ಕೂ ಮುಂಚೆ ಹುಬ್ಬಳ್ಳಿಯಲ್ಲಿ ಬಣ್ಣದ ಕಾರ್ಡ್ ಮಾಡಿಸಿ ಐದಾರು ಸಾವಿರ ಕಳೆದಿದ್ದೆ. ಒಂದು ಕಡೆ ಪದ, ಇನ್ನೊಂದು ಕಡೆ ಚಿತ್ರ. ಚಿತ್ರ ಬಿಡಿಸುವವನು ಐದು ಪದಕ್ಕೂ ಕಲ್ಲು ಬಿದ್ದ ರಸ್ತೆಯನ್ನೇ ಬಿಡಿಸಿ ಕೊಟ್ಟ! ಆಮೇಲೆ ವಾಟ್ಸ್‌ಆ್ಯಪ್‌ನಲ್ಲಿ ದಿನಕ್ಕೊಂದು ಪದ ಹಾಕಿ ನೋಡಿದೆ. ಎಲ್ಲರೂ ಹೆಬ್ಬೆರಳು ಒತ್ತಿದರು, ಓದಿದವರು ಯಾರೂ ಇಲ್ಲ.

ಕೊನೆಗೆ ಕೈ ಹಿಡಿದದ್ದು ತುಡುಗು ದನ. ನವಲಗುಂದ ಕಡೆಯ ಹುಡುಗನೊಬ್ಬ "ಸರ, ಇಂಪೀಡ್ ಅಂದ್ರ ನಿಲ್ಲಸೋದೇನ್ರಿ?" ಅಂತ ಕೇಳಿದ. ಕಂಡವರ ಹೊಲಕ್ಕೆ ನುಗ್ಗುವ ದನಕ್ಕೆ ನಿಮ್ಮೂರಲ್ಲಿ ಏನು ಮಾಡ್ತೀರಿ ಅಂದೆ. ಕೊರಳಿಗೆ ಕಟ್ಟಿಗೆ ತುಂಡು ಕಟ್ಟುತ್ತಾರೆ, ಅದು ಮುಂಗಾಲುಗಳ ನಡುವೆ ತೂಗಾಡುತ್ತದೆ, ದನ ಮೇಯುತ್ತದೆ, ನಡೆಯುತ್ತದೆ, ಆದರೆ ಓಡಲು ಹೋದರೆ ತುಂಡು ಮೊಣಕಾಲಿಗೆ ಬಡಿಯುತ್ತದೆ. ಇಂಪೀಡ್ ಅಂದರೆ ಅದು. ಈ ಪದದೊಳಗೆ ಲ್ಯಾಟಿನ್ನಿನ ಕಾಲೇ ಇದೆ, ಪೆಡಲ್‌ನಲ್ಲಿ ಇರುವ ಕಾಲು. ಕಾಲಿಗೆ ತೊಡರು ಹಾಕಿದರೆ ಇಂಪೀಡ್, ಬಿಡಿಸಿದರೆ ಎಕ್ಸ್‌ಪಿಡೈಟ್, ಅಂದರೆ ಕೆಲಸ ಬೇಗ ಆಗುವಂತೆ ಮಾಡು. ಎರಡನ್ನೂ ಒಟ್ಟಿಗೆ ಕೊಟ್ಟೆ. ಅವತ್ತಿನಿಂದ ಆ ಹುಡುಗ ಇದನ್ನು ಮರೆತಿಲ್ಲ.

ಉಳಿದವು ಬೇಗ ಬಂದವು. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿಗೇ ಮೀಸಲಾದ ಲೇನ್‌ನಲ್ಲಿ ಎಮ್ಮೆ ಮಲಗಿದರೆ ಅಬ್‌ಸ್ಟ್ರಕ್ಟ್, ದಾರಿಗೇ ಅಡ್ಡ. ಪೇಪರಿನಲ್ಲಿ ಬರುವ "ಕರ್ತವ್ಯಕ್ಕೆ ಅಡ್ಡಿ" ಸುದ್ದಿಗೂ ಇದೇ ಪದ, ಹಳೆಯ ದಂಡ ಸಂಹಿತೆ ಐಪಿಸಿಯ ಸೆಕ್ಷನ್ 186, ಈಗ ಅದರ ಜಾಗಕ್ಕೆ ಬಂದ ಬಿಎನ್‌ಎಸ್‌ನ (ಭಾರತೀಯ ನ್ಯಾಯ ಸಂಹಿತೆ) 221. ಪಿಎಸ್‌ಐ ಪರೀಕ್ಷೆಗೆ ಓದುವವರಿಗೆ ಕಾನೂನೂ ಪುಕ್ಕಟೆ ಸಿಕ್ಕಿತು. ಮಳೆಯಿಂದ ರಕ್ಷಣಾ ಕೆಲಸ ಕುಂಟಿದರೆ ಹ್ಯಾಂಪರ್, ಅದು ಬಹಳ ಸಲ 'ವಾಸ್ ಹ್ಯಾಂಪರ್ಡ್ ಬೈ' ಅಂತಲೇ ಬರುತ್ತದೆ. ಎಟಿಎಂ ಒಡೆಯಲು ಬಂದವರನ್ನು ಪೊಲೀಸರು ಹಿಡಿದರೆ ಆ ಯತ್ನ ಥ್ವಾರ್ಟ್ ಆಯಿತು, ಅಲ್ಲಿಗೆ ಕಥೆ ಮುಗಿಯಿತು, ಅರ್ಧಂಬರ್ಧ ಇಲ್ಲ. ಹಿಂಡರ್ ಬಂದರೆ ಅದರ ನಂತರ 'ಫ್ರಮ್ ಡೂಯಿಂಗ್' ಇದೆಯಾ ನೋಡಿ. ಅಲ್ಲಿ 'ಟು ಡೂ' ಇಟ್ಟಿದ್ದರೆ ತಪ್ಪು ಅಲ್ಲೇ ಸಿಗುತ್ತದೆ.

ನಡುವೆ ಕ್ರಿಕೆಟ್ ತರಲು ಹೋದೆ. ಬ್ಯಾಟರ್ ಬೇಕೆಂದೇ ಫೀಲ್ಡರ್‌ಗೆ ಅಡ್ಡಿ ಮಾಡಿದರೆ ಕೊಡುವ 'ಅಬ್‌ಸ್ಟ್ರಕ್ಟಿಂಗ್ ದಿ ಫೀಲ್ಡ್' ಔಟ್ ಇದೆಯಲ್ವಾ, 1951ರಲ್ಲಿ ಇಂಗ್ಲೆಂಡಿನ ಲೆನ್ ಹಟನ್, 1989ರಲ್ಲಿ ಶ್ರೀಲಂಕಾ ವಿರುದ್ಧ ಮೊಹಿಂದರ್ ಅಮರನಾಥ್. ಅಮರನಾಥ್ ಚೆಂಡನ್ನು ಕಾಲಿನಿಂದ ಒದ್ದಿದ್ದರು, ಹಾಗಾದರೆ ಅದು ಇಂಪೀಡ್ ಅಲ್ವಾ ಸರ ಅಂತ ವಾದ ಶುರುವಾಗಿ ಅರ್ಧ ಗಂಟೆ ಹೋಯಿತು. ಈಗ ಕ್ರಿಕೆಟ್ ಬಂದ್. ಐಟಿಐ ಎಲೆಕ್ಟ್ರಿಕಲ್ ಮುಗಿಸಿದವರಿಗೆ ಇಂಪಿಡೆನ್ಸ್ ಹೇಳಿದರೆ ಮಾತ್ರ ಕೂಡಲೇ ಹತ್ತುತ್ತದೆ, ಎಸಿ ಕರೆಂಟಿಗೆ ಕಾಯಿಲ್ ಕೊಡುವ ತಡೆ. ದೀಪಾವಳಿಯ ಗಿಫ್ಟ್ ಹ್ಯಾಂಪರ್‌ಗೂ ಈ ಹ್ಯಾಂಪರ್‌ಗೂ ಸಂಬಂಧ ಇಲ್ಲ, ಅದು ಬುಟ್ಟಿ. ಮೊದಲ ದಿನವೇ ಹೇಳಿಬಿಡಿ, ಇಲ್ಲದಿದ್ದರೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಹತ್ತು ವಾಕ್ಯ ಕೊಟ್ಟರೆ ಹಿಂದೆ ನಾಲ್ಕು ಸರಿ ಬರುತ್ತಿತ್ತು, ಈಗ ಏಳು-ಎಂಟಕ್ಕೆ ಕಡಿಮೆ ಬರುವುದಿಲ್ಲ. ಖರ್ಚು ಜೆರಾಕ್ಸಿಂದು ಅಷ್ಟೇ, ತಿಂಗಳಿಗೆ ಇನ್ನೂರು-ಮುನ್ನೂರು. ಬ್ಯಾಚ್ ಮತ್ತೆ ತುಂಬಿದೆ, ಫೀ ಮುನ್ನೂರು ಜಾಸ್ತಿ ಮಾಡಿದರೂ ಯಾರೂ ಗೊಣಗಲಿಲ್ಲ. ನಕ್ಕ ಹಿರಿಯರು ಮೊನ್ನೆ ನಾನು ಶನಿವಾರ ಹುಡುಗರಿಗೆ ಕೊಡುವ ವಾಕ್ಯಗಳ ಹಾಳೆ ಕೇಳಿದರು. ಎರಡು ಪ್ರಶ್ನೆ ಹೇಳಿ ಚಹಾ ಕುಡಿಸಿ ಕಳಿಸಿದೆ. ಆ ಹಾಳೆಯ ಗುಟ್ಟು ಇಲ್ಲೂ ಬರೆಯುವುದಿಲ್ಲ, ಹೊಟ್ಟೆಪಾಡು ನೋಡಿ.

ಸದ್ಯಕ್ಕೆ ತೊಂದರೆ ಕೊಡುತ್ತಿರುವುದು ಡಿಟರ್, ಅಂದರೆ ಹೆದರಿಸಿ ಮೊದಲೇ ಹಿಂಜರಿಯುವಂತೆ ಮಾಡುವುದು. ನಾಯಿ ಇದೆ ಎಂಬ ಬೋರ್ಡ್ ನೋಡಿ ಕಳ್ಳ ಒಳಗೆ ಬರಲೇ ಇಲ್ಲ. ಕೆಲಸ ಶುರುವೇ ಆಗದಿದ್ದ ಮೇಲೆ ನಿಂತಿತಾ, ನಿಧಾನ ಆಯಿತಾ ಅಂತ ಕೇಳಿ ಏನು ಪ್ರಯೋಜನ? ಇದಕ್ಕೆ ಮೂರನೆಯ ಪ್ರಶ್ನೆ ಬೇಕು. ಯಾರಾದರೂ ಮಾಡಿ ನೋಡಿದ್ದರೆ ಹೇಳಿ.