ಹೈದರಾಬಾದಿನಲ್ಲಿ ಇಂಟರ್ನ್‌ಶಿಪ್: ನನ್ನ ಮೊದಲೆರಡು ದಿನ

ಇಂಟರ್ನ್‌ಶಿಪ್ ಇದ್ದದ್ದು ಸೋಮವಾರದಿಂದ. ನಾನು ಭಾನುವಾರ ಬೆಳಿಗ್ಗೆಯೇ ಹೈದರಾಬಾದಿನಲ್ಲಿದ್ದೆ. ಒಂದು ದಿನ ಮುಂಚೆ ಹೋಗು, ಆಫೀಸಿನ ದಾರಿ ನಡೆದು ನೋಡು ಅಂತ ಅಕ್ಕ ಹೇಳಿದ್ದಳು. ದಾವಣಗೆರೆಯಿಂದ ಬಳ್ಳಾರಿಗೆ ಬಂದು, ಅಲ್ಲಿಂದ ರಾತ್ರಿ ಬಸ್ಸು ಹಿಡಿದೆ. ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಲ್ಲಿ ಇಳಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ.

ಎದೆ ಡವಡವ ಅನ್ನುತ್ತಿತ್ತು. ತೆಲುಗು ಬರಲ್ಲ, ಹಿಂದಿ ಅಷ್ಟಕ್ಕಷ್ಟೇ. ಬ್ಯಾಗಿನ ಮೇಲೆ ಕೂತು ಎದುರಿನ ಬೋರ್ಡು ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ಅದು ‘ಟಿಫಿನ್ಸ್’ ಅಂತ ಓದಿಸಿಕೊಂಡಿತು! ಅಕ್ಷರದ ತಲೆಕಟ್ಟು ಮಾತ್ರ ಬೇರೆ. ನಮ್ಮದು ಅಡ್ಡಗೆರೆ, ಅವರದು ಸರಿ ಗುರುತಿನ ಹಾಗೆ. ಕ, ತ, ಶ ಕೈಕೊಟ್ಟವು, ಉಳಿದವು ಹೆಚ್ಚೂಕಡಿಮೆ ನಮ್ಮವೇ. ಅಲ್ಲಿಂದ ಕಂಡ ಕಂಡ ಬೋರ್ಡು ಓದುತ್ತಾ ಹೋದೆ.

ಬಸ್ ನಿಲ್ದಾಣಕ್ಕೆ ಅಂಟಿಕೊಂಡೇ ಮೆಟ್ರೋ ಇದೆ. ಕೆಂಪು ಲೈನಿನಲ್ಲಿ ಅಮೀರ್‌ಪೇಟೆ, ಅಲ್ಲಿ ಇಳಿದು ರಾಯದುರ್ಗದ ಕಡೆಗೆ ಹೋಗುವ ನೀಲಿ ಲೈನು. ದಾರಿಯಲ್ಲಿ ‘ಪೆದ್ದಮ್ಮ ಗುಡಿ’ ಅಂತ ಒಂದು ಸ್ಟೇಷನ್ ಬಂತು. ದೊಡ್ಡಮ್ಮನ ಗುಡಿ, ಅಲ್ವಾ? ಮುಂದೆ ‘ದುರ್ಗಂ ಚೆರುವು’. ಚೆರುವು ಅಂದರೆ ಕೆರೆ. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕೆರೆ ಅವರಿಗೆ ಚೆರುವು. ಈ ಜೋಡಿ ಸಿಕ್ಕಿದ್ದೇ ತಡ, ಊರು ಅರ್ಧ ಪರಿಚಯ ಆದ ಹಾಗಾಯಿತು.

ಪಿಜಿ ಮಾಧಾಪುರದಲ್ಲಿ. ಫೋನಿನಲ್ಲಿ ಕಳಿಸಿದ ಫೋಟೋದಲ್ಲಿ ಎರಡು ಮಂಚ ಇದ್ದವು. ಬಾಗಿಲು ತೆಗೆದರೆ ನಾಲ್ಕು. ಅರ್ಧ ತಿಂಗಳ ಬಾಡಿಗೆ ಮೊದಲೇ ಕಳಿಸಿದ್ದೆ. ಹೊಟ್ಟೆ ಉರಿಯಿತು, ಆದರೆ ಜಗಳ ಮಾಡಲಿಲ್ಲ. ಫೋಟೋ, ದುಡ್ಡು ಕಳಿಸಿದ ಮೆಸೇಜು ಎರಡನ್ನೂ ತೋರಿಸಿ, ‘ಇದೇ ಬೇಕು, ಇಲ್ಲಾಂದ್ರೆ ದುಡ್ಡು ವಾಪಸ್ ಕೊಡಿ’ ಅಂತ ಅಲ್ಲೇ ನಿಂತೆ. ಒಂದು ಗಂಟೆ ಆದ ಮೇಲೆ ಮೂರನೇ ಮಹಡಿಯಲ್ಲಿ ಇಬ್ಬರ ರೂಮು ಸಿಕ್ಕಿತು. ಬ್ಯಾಗು ಬಿಚ್ಚುವ ಮೊದಲು ನಲ್ಲಿ ತಿರುಗಿಸಿ ನೋಡಿದೆ, ಮಂಚದ ಪಕ್ಕದ ಪ್ಲಗ್ಗಿಗೆ ಚಾರ್ಜರ್ ಹಾಕಿ ನೋಡಿದೆ, ರಾತ್ರಿ ಗೇಟು ಎಷ್ಟು ಗಂಟೆಗೆ ಹಾಕುತ್ತಾರೆ ಅಂತ ಕೇಳಿದೆ. ರಸೀದಿ ಬರೆಸಿಕೊಂಡೆ. ಪೂರ್ತಿ ದುಡ್ಡು ಮೊದಲೇ ಕಳಿಸಬೇಡಿ, ದಯವಿಟ್ಟು.

ಮಧ್ಯಾಹ್ನ ಆಫೀಸಿನ ದಾರಿ ನೋಡಿ ಬಂದೆ. ರಾಯದುರ್ಗ ಸ್ಟೇಷನ್ನಿನಿಂದ ಗೇಟಿಗೆ ಹದಿನಾಲ್ಕು ನಿಮಿಷ. ಮೊದಲ ಸಲ ತಪ್ಪು ಕಡೆ ಇಳಿದು ರಸ್ತೆ ದಾಟಲು ಒದ್ದಾಡಿದೆ. ಸೋಮವಾರ ಆ ಒದ್ದಾಟ ಇರಲಿಲ್ಲ.

ರಾತ್ರಿ ಪಿಜಿ ಊಟಕ್ಕೆ ಗೋಂಗೂರ ಪಚ್ಚಡಿ ಹಾಕಿದರು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ಇದು ನಮ್ಮ ಪುಂಡಿ ಸೊಪ್ಪು. ಅಮ್ಮ ಪಲ್ಯ ಮಾಡಿ ಜೋಳದ ರೊಟ್ಟಿ ಜೊತೆ ಕೊಡುತ್ತಿದ್ದ ಅದೇ ಹುಳಿ. ಎರಡು ಸಲ ಹಾಕಿಸಿಕೊಂಡೆ.

ಸೋಮವಾರ ಬೆಳಿಗ್ಗೆಯೆಲ್ಲ ಕಾಗದಪತ್ರವೇ. ಆಧಾರ್, ಕಾಲೇಜಿನ ಎನ್‌ಒಸಿ (ನಮ್ಮ ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸು, ಎರಡು ಫೋಟೋ. ಎಲ್ಲದರ ಎರಡೆರಡು ಪ್ರತಿ ಒಂದೇ ಫೈಲಿನಲ್ಲಿ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಲ್ಯಾಪ್‌ಟಾಪ್ ಕೈಗೆ ಬಂದಿದ್ದು ಊಟ ಆದ ಮೇಲೆ.

ನನ್ನ ಮೆಂಟರ್ ಒಂದು ಸೆಟಪ್ ಪುಟ ಕೊಟ್ಟು, ಇದರಲ್ಲಿರೋ ಹೆಜ್ಜೆಗಳ ಪ್ರಕಾರ ಪ್ರಾಜೆಕ್ಟಿನ ಪ್ರೋಗ್ರಾಂ ನಿನ್ನ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡು ಅಂದರು. ಆರನೇ ಹೆಜ್ಜೆಯಲ್ಲಿ ಎರರ್. ಇನ್ನೊಂದು ಸಲ ಮಾಡಿದೆ, ಅದೇ ಎರರ್. ಕೇಳೋಕೆ ಸಂಕೋಚ. ಮೊದಲ ದಿನವೇ ಏನೂ ಗೊತ್ತಿಲ್ಲ ಅಂದುಕೊಳ್ಳುತ್ತಾರೆ ಅನ್ನೋ ಭಯ. ಅರ್ಧ ಗಂಟೆ ಹೀಗೇ ಹೋಯಿತು. ಕೊನೆಗೆ ಏನು ಮಾಡಿದೆ, ಏನು ಬಂತು ಅಂತ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದು, ಅದನ್ನೇ ಹಿಡಿದುಕೊಂಡು ಹೋದೆ. ಅವರು ಓದಿ, ‘ಆ ಹೆಜ್ಜೆಯೇ ಹಳೆಯದು, ಪುಟ ತಿದ್ದಿಲ್ಲ. ನೀನೇ ತಿದ್ದಿಬಿಡು’ ಅಂದರು. ಒಂದೇ ಒಂದು ಸಾಲು ಬದಲಾಯಿಸಿದೆ. ಅದೇ ನನ್ನ ಮೊದಲ ಕಮಿಟ್, ಅಂದರೆ ಪ್ರಾಜೆಕ್ಟಿನಲ್ಲಿ ನನ್ನ ಹೆಸರಲ್ಲಿ ದಾಖಲಾದ ಮೊದಲ ಬದಲಾವಣೆ. ಆ ಖುಷಿ ಈಗಲೂ ನೆನಪಿದೆ.

ಸಂಜೆ ರೂಮಿಗೆ ಬಂದರೆ ಪಕ್ಕದ ಮಂಚದ ಹುಡುಗ ಬಂದಿದ್ದ. ಕರ್ನೂಲಿನವನು. ‘ತಿನ್ನಾವಾ?’ ಅಂದ. ತಿಂದೆಯಾ ಅಂತ ಕೇಳುತ್ತಿದ್ದಾನೆ ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಮ್ಮ ಕಟ್ಟಿಕೊಟ್ಟಿದ್ದ ಖಾರ ಮಂಡಕ್ಕಿಯ ಚೀಲ ಬಿಚ್ಚಿದೆ. ಒಂದು ಹಿಡಿ ತೆಗೆದುಕೊಂಡು ‘ಬೊರುಗುಲು!’ ಅಂದ. ಅವರ ಊರಲ್ಲಿ ಇದನ್ನು ನೆನೆಸಿ, ಒಗ್ಗರಣೆ ಹಾಕಿ ಉಗ್ಗಾನಿ ಮಾಡುತ್ತಾರಂತೆ, ಜೊತೆಗೆ ಮೆಣಸಿನಕಾಯಿ ಬಜ್ಜಿ ಇರಲೇಬೇಕಂತೆ. ನಮ್ಮಲ್ಲೂ ಹಾಗೇ ಅಂದೆ. ಅವನ ಹಿಂದಿ, ನನ್ನ ಹಿಂದಿ, ನಡುನಡುವೆ ತೆಲುಗು, ಕನ್ನಡ. ಚೀಲ ಖಾಲಿಯಾಗುವ ಹೊತ್ತಿಗೆ ಹನ್ನೊಂದು ಗಂಟೆ.